ಗೇಟಿನ ರಿಜಿಸ್ಟರ್‌ನಲ್ಲಿ ನಮ್ಮ ಕಾಕು



ನಡುನಡುವೆ ಬಸ್ಸಿನ ಹಾರ್ನ್, "ಗಾಣಗಾಪುರ, ಗಾಣಗಾಪುರ" ಅಂತ ಕೂಗೋದು ಕೇಳಿಸಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ. ಈ ಸಲ ಬೆಂಗಳೂರಿನ ರೂಮಿನಲ್ಲಿ ಇಲ್ಲ ನಾನು. ಚೌಡಾಪುರದಲ್ಲಿ, ನಮ್ಮ ಮನೆಯ ಮಾಳಿಗಿ ಮೇಲಿನ ಕೋಣೆಯಲ್ಲಿ ಕುಂತು ಮಾತಾಡ್ತಿದ್ದೀನಿ. ಬಹಳ ಮಂದಿಗೆ ಚೌಡಾಪುರ ಅಂದ್ರೆ ದತ್ತಾತ್ರೇಯನ ದರ್ಶನಕ್ಕೆ ಹೋಗುವಾಗ ಅಫಜಲಪುರದ ರಸ್ತೆ ಬಿಟ್ಟು ತಿರುಗುವ ಜಾಗ, ಚಹಾ ಕುಡಿಯೋ ಜಾಗ, ಅಷ್ಟೇ. ನಮಗೆ ಊರು.

ಇವತ್ತಿನ ವಿಷಯ ಮಾತ್ರ ಊರಿಂದು ಅಲ್ಲ, ಬೆಂಗಳೂರಿನ ದೊಡ್ಡ ಕಾಂಪೌಂಡುಗಳದ್ದು. ಗೇಟು, ಸೆಕ್ಯುರಿಟಿ, ಕ್ಲಬ್‌ಹೌಸ್ ಇರೋ ಅಪಾರ್ಟ್‌ಮೆಂಟು ನಿಮ್ಮ ಬಗ್ಗೆ ಏನೇನು ಬರೆದಿಟ್ಟುಕೊಳ್ಳುತ್ತದೆ, ಆಮೇಲೆ ಅದನ್ನೇ ಇಟ್ಟುಕೊಂಡು "ನಿಮಗಾಗಿಯೇ ವಿಶೇಷ ಸೇವೆ" ಅಂತ ನಿಮ್ಮ ಬಾಗಿಲಿಗೆ ಹೇಗೆ ಬರುತ್ತದೆ ಅಂತ. ಇದನ್ನ ಓದಿ ತಿಳಕೊಂಡು ಹೇಳ್ತಿಲ್ಲ. ನಾನೇ ಮಾಡಿದ ಕೆಲಸ ಇದು. ಮೂರು ವರ್ಷದಿಂದ ಈ ಎಪಿಸೋಡ್ ಮಾಡಬೇಕು ಅಂತ ಅನ್ಕೋತಿದ್ದೆ, ಮುಂದೂಡ್ತಿದ್ದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಕಲಬುರಗಿಯಲ್ಲಿ ಬಿ.ಕಾಂ ಮುಗಿಸಿ ನಾನು ಬೆಂಗಳೂರಿಗೆ ಹೋದಾಗ ಸಿಕ್ಕ ಮೊದಲ ನೌಕರಿ ಆಡಿಟರ್ ಆಫೀಸಿನದ್ದಲ್ಲ, ಬ್ಯಾಂಕಿನದ್ದೂ ಅಲ್ಲ. ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಅಕೌಂಟೆಂಟ್. ಐದು ಟವರು, ಆರು ನೂರರ ಹತ್ತಿರ ಫ್ಲ್ಯಾಟು. ನಮ್ಮ ಊರಿನ ಒಂದು ಓಣಿಗಿಂತ ಹೆಚ್ಚು ಮಂದಿ ಒಂದೊಂದು ಟವರಿನಲ್ಲಿ. ಮೆಂಟೆನೆನ್ಸ್ ಬಿಲ್ಲು ಕಳಿಸೋದು, ಬಾಕಿ ಇದ್ದವರಿಗೆ ಫೋನ್ ಮಾಡೋದು, ಟ್ಯಾಂಕರ್ ನೀರಿನ ಲೆಕ್ಕ, ಡೀಸೆಲ್ ಲೆಕ್ಕ. ಜೊತೆಗೆ ಗೇಟಿನ ಆಪ್‌ನ ಅಡ್ಮಿನ್ ಲಾಗಿನ್ ಕೂಡ ನನ್ನ ಹತ್ತಿರಾನೇ ಇತ್ತು. ಮ್ಯಾನೇಜರ್‌ಗೆ ಕಂಪ್ಯೂಟರ್ ಅಂದ್ರೆ ತಲೆನೋವು, ಅದಕ್ಕೆ "ನೀನೇ ನೋಡ್ಕೊ" ಅಂತ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಟ್ಟಿದ್ದರು.

ಆ ಆಪ್ ಯಾವುದು, ಅಪಾರ್ಟ್‌ಮೆಂಟ್ ಯಾವುದು, ಹೇಳಲ್ಲ. ಹೇಳೋ ಅಗತ್ಯಾನೂ ಇಲ್ಲ. ತಪ್ಪು ಮಾಡಿದ್ದು ಆಪ್ ಅಲ್ಲ.

ಇಂಥ ಆಪ್‌ಗಳ ತವರು ಬೆಂಗಳೂರೇ. ಅಪ್ನಾಕಾಂಪ್ಲೆಕ್ಸ್, ಅಡ್ಡಾ, ಮೈಗೇಟ್, ನೋಬ್ರೋಕರ್‌ಹುಡ್, ಎಲ್ಲದರ ಕಥೆಯಲ್ಲೂ ಬೆಂಗಳೂರು ಬರುತ್ತದೆ. ಮೈಗೇಟ್ ಶುರುವಾದದ್ದು 2016ರಲ್ಲಿ. ಕಟ್ಟಿದ ಮೂವರಲ್ಲಿ ಒಬ್ಬರು ವಾಯುಪಡೆಯಲ್ಲಿದ್ದ ವಿಜಯ್ ಅರಿಸೆಟ್ಟಿ. ಅದಕ್ಕೂ ಮುಂಚೆ ಗೇಟಿನಲ್ಲಿ ಉದ್ದನೆಯ ರಿಜಿಸ್ಟರ್ ಇರುತ್ತಿತ್ತು, ದಾರ ಕಟ್ಟಿದ ಪೆನ್ನು ಇರುತ್ತಿತ್ತು. ಹೆಸರು, ಫೋನ್ ನಂಬರು, ಯಾರ ಮನೆಗೆ, ಸಹಿ. ಮಂದಿ ಬಾಯಿಗೆ ಬಂದ ಹೆಸರು ಬರೆದು ಒಳಗೆ ಹೋಗೋರು. ಆ ಪುಸ್ತಕ ತುಂಬಿದ ಮೇಲೆ ರದ್ದಿಗೆ. ಯಾರೂ ಅದರಲ್ಲಿ ಏನನ್ನೂ ಹುಡುಕುತ್ತಿರಲಿಲ್ಲ, ಹುಡುಕಿದರೂ ಸಿಗುತ್ತಿರಲಿಲ್ಲ. ಪುಸ್ತಕ ಹೋಗಿ ಆಪ್ ಬಂತು. ಬರೆಯೋದು ಅದೇ. ಆದರೆ ಈಗ ಹುಡುಕಿದರೆ ಸಿಗುತ್ತದೆ.

ಏನು ಸಿಗುತ್ತದೆ ಅಂತ ಹೇಳ್ತೀನಿ ಕೇಳ್ರಿ. ಗೇಟಿನ ಲಾಗ್ ಅಂದ್ರೆ ನಾಲ್ಕೇ ಕಾಲಮ್ಮು. ಫ್ಲ್ಯಾಟ್ ನಂಬರು, ಬಂದವರು ಯಾವ ಕಂಪನಿ, ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು. ಇದರಲ್ಲಿ ಗುಟ್ಟು ಏನಿದೆ ಅನಿಸುತ್ತದೆ. ಒಂದು ದಿನ ಮಧ್ಯಾಹ್ನ ಕೆಲಸ ಇರಲಿಲ್ಲ, ಮೂರು ತಿಂಗಳ ಲಾಗ್ ಎಕ್ಸೆಲ್‌ಗೆ ಇಳಿಸಿ ಪಿವೋಟ್ ಟೇಬಲ್ ಹಾಕಿ ಕುಂತೆ. ಕಾಮರ್ಸ್ ಓದಿದವನ ಕೈ ಸುಮ್ಮನಿರಲ್ಲ.

ಬೆಳಗಿನ ಆರೂವರೆಯಿಂದ ಏಳೂವರೆ ಒಳಗೆ ಲ್ಯಾಬಿನ ಹುಡುಗ ಬಂದು ಹತ್ತು ನಿಮಿಷದಲ್ಲಿ ಹೋಗಿದ್ದಾನೆ ಅಂದ್ರೆ ಆ ಮನೆಯಲ್ಲಿ ಯಾರದೋ ಖಾಲಿ ಹೊಟ್ಟೆ ರಕ್ತ ತೆಗೆದಿದ್ದಾರೆ. ಒಂದು ಸಲ ಬಂದ್ರೆ ತಪಾಸಣೆ. ಮೂರು ತಿಂಗಳಿಗೊಮ್ಮೆ ಬಂದ್ರೆ ಸಕ್ಕರೆ ಕಾಯಿಲೆ. ಮೂರು ವಾರಕ್ಕೊಮ್ಮೆ ಬಂದ್ರೆ, ಅದೇ ವಾರ ರಾತ್ರಿ ಹೊತ್ತಿನಲ್ಲಿ ಔಷಧಿ ಡೆಲಿವರಿ ಬಂದ್ರೆ, ಏನೋ ದೊಡ್ಡದು. ದಿನಾ ಸಂಜೆ ಒಬ್ಬ ಬಂದು ಒಂದು ತಾಸು ಇದ್ದು ಹೋಗ್ತಾನೆ: ವಾರಕ್ಕೆ ಐದು ದಿನ ಆದರೆ ಟ್ಯೂಷನ್ ಮೇಷ್ಟ್ರು, ಆಪರೇಷನ್ ಆದ ಮನೆಯಾದರೆ ಫಿಸಿಯೋ. ಅಡಿಗೆಯವರು ಬರೋದು ನಿಂತು, ಮೆಂಟೆನೆನ್ಸ್ ತಡ ಆಗಿ, ಊಟದ ಡೆಲಿವರಿ ಕೂಡ ಕಡಿಮೆ ಆದ್ರೆ, ನೌಕರಿ ಹೋಗಿದೆ. ಸಾಮಾನು ಸಾಗಿಸೋರು ಬಂದು ಅರ್ಧ ತಾಸಿನಲ್ಲಿ ಹೋದರೆ ರೇಟು ಕೇಳಿದ್ದಾರೆ; ಫ್ಲ್ಯಾಟು ಖಾಲಿ ಆಗುತ್ತದೆ. ಈ ಕೊನೆಯದ್ದನ್ನ ಬ್ರೋಕರ್‌ಗಳು ನನ್ನ ಹತ್ತಿರ ಬಾಯಿ ಬಿಟ್ಟೇ ಕೇಳುತ್ತಿದ್ದರು. ಕೊಟ್ಟಿಲ್ಲ. ಅಷ್ಟು ನಿಯತ್ತು ಇತ್ತು ನನಗೆ, ಅಥವಾ ಅಷ್ಟು ಹೆದರಿಕೆ.

ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಆದರೂ ಆರು ನೂರು ಮನೆಯ ಮೈ ನೋವು, ದುಡ್ಡಿನ ನೋವು ನನ್ನ ಸ್ಕ್ರೀನಿನ ಮೇಲೆ ಕಾಣುತ್ತಿತ್ತು.

ಇನ್ನು ನಾನು ಮಾಡಿದ್ದು. ಮನೆಗೇ ನರ್ಸ್ ಕಳಿಸೋ ಒಂದು ಕಂಪನಿಯವರು ಕಮಿಟಿಗೆ ಬಂದರು. ಗಣೇಶ ಹಬ್ಬದ ಪೆಂಡಾಲಿನ ಖರ್ಚು ನಾವು ಕೊಡ್ತೀವಿ, ನಿಮ್ಮ ನಿವಾಸಿಗಳಿಗೆ ಡಿಸ್ಕೌಂಟ್ ಕೊಡ್ತೀವಿ, ಆದರೆ ಎಲ್ಲ ಮನೆಗೂ ಫೋನ್ ಮಾಡಿ ಕಿರಿಕಿರಿ ಮಾಡೋದು ಬೇಡ, ಅಗತ್ಯ ಇರೋ ಮನೆಗಳನ್ನ ಮಾತ್ರ ಹೇಳಿ ಅಂದರು. ಕೇಳೋಕೆ ಎಷ್ಟು ಸಭ್ಯವಾಗಿದೆ ನೋಡ್ರಿ. ಕಿರಿಕಿರಿ ಆಗಬಾರದು ಅಂತಾನೇ ಪಟ್ಟಿ. ಕಮಿಟಿಯವರು ಕೆಟ್ಟವರೇನಲ್ಲ. ಹಗಲು ತಮ್ಮ ಆಫೀಸು, ರಾತ್ರಿ ಹತ್ತಕ್ಕೆ ಮೀಟಿಂಗು, ಒಂದು ಪೈಸೆ ತಗೊಳ್ಳದೆ ದುಡಿಯೋ ಮಂದಿ. ಅವರಿಗೆ ಇದು ಸೇವೆ ಅಂತಾನೇ ಅನಿಸಿತು. ಮ್ಯಾನೇಜರ್ ನನ್ನ ಕಡೆ ನೋಡಿದರು. ನಾನು, "ಸರ್, ಅರ್ಧ ದಿನದಲ್ಲಿ ಕೊಡ್ತೀನಿ" ಅಂದೆ. ಆ ಮಾತಿನಲ್ಲಿ ಸ್ವಲ್ಪ ಜಂಬಾನೂ ಇತ್ತು, ಸುಳ್ಳು ಯಾಕೆ ಹೇಳಲಿ.

ಮೂವತ್ತೆಂಟು ಫ್ಲ್ಯಾಟ್. ಪಟ್ಟಿ ಹೋಯಿತು. ಪೆಂಡಾಲಿನ ದುಡ್ಡು ಬಂತು. ಟ್ಯಾಲಿಯಲ್ಲಿ "ಇತರೆ ಆದಾಯ" ಅಂತ ಎಂಟ್ರಿ ಹಾಕಿದ್ದೂ ನಾನೇ. ಪಿಯುಸಿಯಲ್ಲೇ ಕಲಿಸ್ತಾರೆ: ತಗೊಂಡವರಿಗೆ ಖರ್ಚು, ಕೊಟ್ಟವರಿಗೆ ಜಮಾ. ಆ ಎಂಟ್ರಿಯಲ್ಲಿ ನಿಜವಾಗಿ ಕೊಟ್ಟವರು ಆ ಮೂವತ್ತೆಂಟು ಮನೆಯವರು. ಅವರ ಹೆಸರಿಗೆ ಏನೂ ಜಮಾ ಆಗಲಿಲ್ಲ.

ಹತ್ತು ದಿನ ಆದ ಮೇಲೆ ಒಬ್ಬರು ಅಮ್ಮ ಆಫೀಸಿಗೆ ಬಂದರು. ಅರವತ್ತೈದರ ಮೇಲೆ ವಯಸ್ಸು, ಮೈಸೂರು ಕಡೆಯ ಮಾತು. ಒಬ್ಬರೇ ಇರ್ತಿದ್ದರು. ಹಬ್ಬಕ್ಕೆ ಅಂತ ಮಗಳು ಬಂದಿದ್ದಳಂತೆ, ತುಂಬು ಬಸುರಿ. ಅಮ್ಮ ಅಡಿಗೆಮನೆಯಲ್ಲಿದ್ದಾಗ ಫೋನ್ ಬಂದಿದೆ, ಮಗಳು ಎತ್ತಿದ್ದಾಳೆ. ಆ ಕಡೆಯಿಂದ, ನಿಮ್ಮ ಮನೆಯಲ್ಲಿ ದೀರ್ಘಕಾಲದ ಚಿಕಿತ್ಸೆಯಲ್ಲಿ ಇರೋರಿಗೆ ನಮ್ಮ ಹತ್ತಿರ ವಿಶೇಷ ಪ್ಯಾಕೇಜ್ ಇದೆ ಅಂತ.

ಅವರು ಜಗಳ ಮಾಡಲಿಲ್ಲ. ಕುರ್ಚಿಯಲ್ಲಿ ಕುಂತು ಕೇಳಿದರು.

"ಅವರಿಗೆ ಯಾರಪ್ಪ ಹೇಳಿದ್ದು?"

"ಸಿಸ್ಟಮ್‌ನಿಂದ ಹೋಗಿರಬೇಕು ಮೇಡಂ."

"ಸಿಸ್ಟಮ್‌ಗೆ ಯಾರು ಹೇಳಿದ್ದು?"

ನಾನು ಮಾತಾಡಲಿಲ್ಲ.

"ಹೆರಿಗೆ ಆಗ್ಲಿ, ಆಮೇಲೆ ನಾನೇ ಹೇಳೋಣ ಅಂತಿದ್ದೆ ಕಣಪ್ಪ. ನಾನೇ ಹೇಳ್ಬೇಕಿತ್ತು" ಅಂದರು. ಎದ್ದು ಹೋದರು.

ನೌಕರಿ ಬಿಟ್ಟಿದ್ದು ಅದಕ್ಕೇ ಅಂತ ಹೇಳಿದರೆ ಕಥೆ ಚೆಂದ ಆಗುತ್ತಿತ್ತು. ಅಲ್ಲ. ಅದಾಗಿ ಎಂಟು ತಿಂಗಳು ಅಲ್ಲೇ ಇದ್ದೆ, ಪಗಾರ ಸಾಲದೆ ಬಿಟ್ಟೆ. ಆ ಅಮ್ಮ ಲಿಫ್ಟಿನ ಹತ್ತಿರ ಸಿಕ್ಕಾಗೆಲ್ಲ ನಕ್ಕು ಮಾತಾಡಿಸುತ್ತಿದ್ದರು. ಪಟ್ಟಿ ಮಾಡಿದ್ದು ನಾನು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈ ಎಪಿಸೋಡ್ ಕೇಳಿದರೆ ಗೊತ್ತಾಗುತ್ತದೆ.

ಇಷ್ಟು ಕೇಳಿ "ಹಂಗಾದ್ರೆ ಆಪೇ ಬೇಡ, ಡೇಟಾನೇ ಬೇಡ" ಅಂತ ನೀವು ಅನ್ನಬಹುದು. ನಾನು ಅನ್ನಲ್ಲ. 2022ರ ಸೆಪ್ಟೆಂಬರ್ ನೆನಪು ಮಾಡ್ಕೊಳ್ರಿ. ಸರ್ಜಾಪುರ ರಸ್ತೆ, ಯಮಲೂರು ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಗೆ ನೀರು ನುಗ್ಗಿ, ಮಂದಿ ಟ್ರ್ಯಾಕ್ಟರ್ ಹತ್ತಿ, ದೋಣಿ ಹತ್ತಿ ಹೊರಗೆ ಬಂದರು. ಟಿವಿಯಲ್ಲಿ ನೋಡಿ ಊರಿನವರು ನಕ್ಕಿದ್ದೂ ಉಂಟು. ಅಂಥ ರಾತ್ರಿಯಲ್ಲಿ ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮನೆಯಲ್ಲಿ ಆಕ್ಸಿಜನ್ ಮಷೀನು ಕರೆಂಟಿನ ಮೇಲೆ ಓಡುತ್ತಿದೆ, ಯಾವ ಮನೆಯಲ್ಲಿ ಎಂಬತ್ತು ದಾಟಿದವರು ಒಬ್ಬರೇ ಇದ್ದಾರೆ ಅನ್ನೋ ಪಟ್ಟಿ ಆಫೀಸಿನ ಹುಡುಗನ ಕೈಯಲ್ಲಿ ಇರಬೇಕು. ನಮ್ಮಲ್ಲೂ ಎರಡು ಸಲ ಲಿಫ್ಟ್ ಕೆಟ್ಟಾಗ ಹನ್ನೊಂದನೇ ಮಹಡಿಗೆ ನೀರಿನ ಕ್ಯಾನ್ ಹೊತ್ತುಕೊಂಡು ಹೋಗಿದ್ದೀವಿ, ಯಾರ ಮನೆಗೆ ಅಂತ ಗೊತ್ತಿದ್ದಕ್ಕೇ ಹೋಗಿದ್ದು. ಅದೂ ನಿವಾಸಿಗಳ ಡೇಟಾ. ಅದೂ ಅವರಿಗಾಗಿಯೇ ಮಾಡಿದ ಸೇವೆ. ಆದರೆ ಆ ಪಟ್ಟಿಗೆ ಹೆಸರು ಕೊಟ್ಟಿದ್ದು ಆ ಮನೆಯವರೇ, ಇಂಥದ್ದಕ್ಕೆ ಅಂತ ಗೊತ್ತಿದ್ದು ಕೊಟ್ಟಿದ್ದು. ನನ್ನ ಮೂವತ್ತೆಂಟರ ಪಟ್ಟಿಯಲ್ಲಿ ಯಾರೂ ಹೆಸರು ಕೊಟ್ಟಿರಲಿಲ್ಲ, ನಾನು ತೆಗೆದದ್ದು.

ನಿಮಗಾಗಿಯೇ ಅನ್ನೋ ಸೇವೆ ಹೊಸದೂ ಅಲ್ಲ. ಇಲ್ಲೇ ಕೆಳಗೆ, ಬಸ್ ನಿಲ್ಲುವ ಕಡೆ ಒಂದು ಕಿರಾಣಿ ಅಂಗಡಿ ಇದೆ. ನಾನು ಸಣ್ಣವನಿದ್ದಾಗ ಸಾವ್ಕಾರ್ರು ಕೆಂಪು ರಟ್ಟಿನ ಉದ್ರಿ ವಹಿ ಇಟ್ಟಿದ್ದರು. ಗುರುವಾರ ಅವ್ವ ಒಪ್ಪತ್ತು ಇರ್ತಾಳೆ ಅಂತ ಅವರಿಗೆ ಗೊತ್ತು, ಬುಧವಾರ ಸಂಜೆಗೇ ಸಾಬೂದಾಣಿ ಕಟ್ಟಿ ಇಡೋರು. ತೊಗರಿ ರಾಶಿ ಆಗೋವರೆಗೂ ಅಪ್ಪನ ಹತ್ತಿರ ರೊಕ್ಕ ಇರಲ್ಲ ಅಂತ ಗೊತ್ತು, ಕೇಳುತ್ತಿರಲಿಲ್ಲ. ಇವತ್ತಿನ ಯಾವ ಆಪ್‌ಗೂ ಇಷ್ಟು ಚೆಂದ ಮಾಡೋಕೆ ಬಂದಿಲ್ಲ. ಹಂಗಂತ ಆ ಕಾಲ ಬಂಗಾರದ್ದು ಅಂತ ನಾನು ಹಾಡಲ್ಲ. ನಮ್ಮ ಉದ್ರಿ ಎಷ್ಟಿದೆ ಅಂತ ಅಕ್ಕನ್ನ ನೋಡೋಕೆ ಬಂದ ಗಂಡಿನ ಕಡೆಯವರಿಗೆ ಹೇಳಿದ್ದೂ ಅದೇ ಅಂಗಡಿ. ಆ ಸಂಬಂಧ ಮುರಿಯಿತು. ಆದರೆ ಯಾರು ಹೇಳಿದರು ಅಂತ ನಮಗೆ ಗೊತ್ತಿತ್ತು. ಅಪ್ಪ ಹೋಗಿ ಅಂಗಡಿ ಕಟ್ಟೆ ಮುಂದೆ ನಿಂತು ಬಾಯಿಗೆ ಬಂದಂಗ ಬೈದ. ಸಾವ್ಕಾರ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮೈಸೂರು ಕಡೆಯ ಆ ಅಮ್ಮನಿಗೆ ಬೈಯೋಕೆ ಒಂದು ಕಟ್ಟೆ ಇರಲಿಲ್ಲ.

ಗೇಟಿನ ಆಪ್‌ನ ವ್ಯಾಪಾರ ಎಲ್ಲಿದೆ ಅನ್ನೋದನ್ನ ಸ್ವಲ್ಪ ನೋಡೋಣ. ಅಪಾರ್ಟ್‌ಮೆಂಟ್ ಕೊಡೋ ತಿಂಗಳ ಚಂದಾ ದೊಡ್ಡದೇನಲ್ಲ. ಮನೆಗೆ ಇಷ್ಟು ಅಂತ ಲೆಕ್ಕ, ಒಂದು ಪ್ಲೇಟ್ ಇಡ್ಲಿ ದುಡ್ಡು. ಆದರೆ ಆ ಆಪ್ ಇರೋದು ಕೊಳ್ಳುವ ಶಕ್ತಿ ಇರೋ ಮಂದಿಯ ಫೋನಿನಲ್ಲಿ, ದಿನಕ್ಕೆ ಹತ್ತು ಸಲ ತೆರೀಲೇಬೇಕಾದ ಆಪ್. ಅಲ್ಲಿ ಜಾಹೀರಾತು, ಮನೆ ರಿಪೇರಿ, ವಿಮೆ, ಬಾಡಿಗೆ, ಎಲ್ಲ ಬಂದು ಕೂರುತ್ತವೆ. 2022ರಲ್ಲಿ ಮೈಗೇಟ್‌ನಲ್ಲಿ ದುಡ್ಡು ಹೂಡಿದ್ದು ಯಾರು ಗೊತ್ತಾ? ಮನೆ ಸೇವೆಯ ಅರ್ಬನ್ ಕಂಪನಿ ಮತ್ತು ವಿಮೆಯ ಅಕೋ. ಅದರಲ್ಲಿ ತಪ್ಪೇನಿಲ್ಲ, ವ್ಯಾಪಾರ ಅಂದ್ರೆ ಹಂಗೇ. ಬೆಲೆ ಇರೋದು ಗೇಟಿಗಲ್ಲ, ಗೇಟಿನ ಒಳಗೆ ಇರೋ ಮನೆಗಳ ಬಾಗಿಲಿಗೆ ಅಂತ ಬ್ಯಾಲೆನ್ಸ್ ಶೀಟ್ ಓದೋಕೆ ಬರೋ ಯಾರಿಗಾದರೂ ಅರ್ಥ ಆಗುತ್ತದೆ.

ಕಾನೂನು ಏನು ಹೇಳುತ್ತದೆ? ಇಲ್ಲೂ ಒಂದು ಬೆಂಗಳೂರಿನ ಕಥೆ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಷಯ ಇಟ್ಟುಕೊಂಡು 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆಗಲೇ ಎಂಬತ್ತು ದಾಟಿದ ವಯಸ್ಸು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ತೀರ್ಪಿಗೆ ಅವರದೇ ಹೆಸರು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಆ ತೀರ್ಪಿನ ಬೆನ್ನಿಗೆ ಎಳೆದಾಡಿ ಎಳೆದಾಡಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು ಬಂದಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಜವಾಬ್ದಾರಿಗಳಿಗೆ 18 ತಿಂಗಳ ಗಡುವು ಇಟ್ಟು.

ಆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಒಂದು ಪದ ಇದೆ. ಡೇಟಾ ಇಟ್ಟುಕೊಂಡು ಅದನ್ನ ಯಾತಕ್ಕೆ ಬಳಸಬೇಕು ಅಂತ ತೀರ್ಮಾನ ಮಾಡೋರನ್ನ ಅದು ಮಾಲೀಕ ಅನ್ನಲ್ಲ, "ಡೇಟಾ ಫಿಡೂಷಿಯರಿ" ಅನ್ನುತ್ತದೆ. ಕಾಮರ್ಸ್‌ನವರಿಗೆ ಈ ಪದ ಗೊತ್ತು. ಟ್ರಸ್ಟಿಗೆ ಬಳಸೋ ಮಾತು. ಇನ್ನೊಬ್ಬರ ಗಂಟು ನಂಬಿಕೆಯಿಂದ ಕಾಯುವವನು. ಅಪಾರ್ಟ್‌ಮೆಂಟಿನಲ್ಲಿ ಆ ಜಾಗದಲ್ಲಿ ನಿಲ್ಲೋದು ಸಾಮಾನ್ಯವಾಗಿ ನಿಮ್ಮ ಸಂಘ; ಆಪ್ ಕಂಪನಿ ಸಂಘದ ಪರವಾಗಿ ಕೆಲಸ ಮಾಡಿದಷ್ಟು ಮಟ್ಟಿಗೆ ಬರೀ ಪ್ರೊಸೆಸರ್. ಅಂದ್ರೆ ಆಪ್‌ನವರು ಎಡವಿದರೂ ಕೇಳೋದು ಸಂಘವನ್ನೇ. ರಾತ್ರಿ ಹತ್ತಕ್ಕೆ ಮೀಟಿಂಗ್ ಮಾಡೋ ಆ ಪುಕ್ಕಟೆ ದುಡಿಯೋ ಮಂದಿಗೆ ಇದು ಗೊತ್ತಿರೋದು ಕಡಿಮೆ. ದಂಡ ಹೆಚ್ಚೆಂದರೆ 250 ಕೋಟಿವರೆಗೆ ಇದೆ. ಯಾವ ಅಪಾರ್ಟ್‌ಮೆಂಟಿಗೂ ಅಷ್ಟು ಬೀಳಲಿಕ್ಕಿಲ್ಲ, ಆದರೆ ಮೀಟಿಂಗಿನಲ್ಲಿ ಆ ಅಂಕಿ ಒಮ್ಮೆ ಹೇಳಿ ನೋಡ್ರಿ, ಎಲ್ಲರೂ ಫೋನ್ ಕೆಳಗಿಡ್ತಾರೆ.

ಒಂದು ಕೆಲಸಕ್ಕೆ ಅಂತ ತಗೊಂಡ ಒಪ್ಪಿಗೆಯನ್ನ ಇನ್ನೊಂದಕ್ಕೆ ಬಳಸೋ ಹಂಗಿಲ್ಲ. ಗೇಟು ಕಾಯೋಕೆ ಅಂತ ಬರೆದುಕೊಂಡದ್ದು ಗೇಟು ಕಾಯೋಕೇ. ನನ್ನ ಪಿವೋಟ್ ಟೇಬಲ್ ಆ ಮಾತಿಗೆ ನೇರ ವಿರುದ್ಧ. ಒಪ್ಪಿಗೆ ಕೇಳುವ ನೋಟಿಸನ್ನ ಕನ್ನಡದಲ್ಲಿ ಓದುವ ಆಯ್ಕೆ ಕೊಡಬೇಕು. ಎಂಟನೇ ಪರಿಚ್ಛೇದದ 22 ಭಾಷೆಗಳಿಗೂ ಈ ಮಾತು ಇದೆ. ನನ್ನ ಬಗ್ಗೆ ಏನಿದೆ ತೋರಿಸಿ ಅಂತ ಕೇಳಬಹುದು, ತಿದ್ದಿ ಅನ್ನಬಹುದು, ಅಳಿಸಿ ಅನ್ನಬಹುದು. ಹದಿನೆಂಟರ ಒಳಗಿನ ಮಕ್ಕಳ ನಡವಳಿಕೆ ಹಿಂಬಾಲಿಸಿ ಅವರಿಗೆ ಜಾಹೀರಾತು ತೋರಿಸೋ ಹಂಗಿಲ್ಲ. ಇವತ್ತೇ ಮಾಡೋ ಕೆಲಸ ಅಂದ್ರೆ, ಆಪ್ ತೆಗೆದು ನಿಮ್ಮ ಮನೆಯ ಪುಟ ನೋಡ್ರಿ. ಹುಟ್ಟಿದ ದಿನ, ಮಗುವಿನ ಫೋಟೊ, ಹಳೆಯ ಬಾಡಿಗೆದಾರರ ಗಾಡಿ ನಂಬರು, ಬೇಡದ್ದೆಲ್ಲ ಅಲ್ಲೇ ಕುಂತಿರುತ್ತದೆ. ಮುಂದಿನ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳ್ರಿ: ಗೇಟಿನ ಲಾಗ್ ಎಷ್ಟು ದಿನ ಇಡ್ತೀರಿ, ಅಡ್ಮಿನ್ ಪಾಸ್‌ವರ್ಡ್ ಯಾರ್ಯಾರ ಹತ್ತಿರ ಇದೆ? ನಮ್ಮಲ್ಲಿ ಯಾರಾದರೂ ಇದನ್ನ ಕೇಳಿದ್ದರೆ ಆ ಚೀಟಿ ನನ್ನ ಡ್ರಾಯರಿನಲ್ಲಿ ಇರುತ್ತಿರಲಿಲ್ಲ.

ಇಷ್ಟೂ ಹೊತ್ತು ನಿವಾಸಿಗಳ ಮಾತು ಆಯಿತು. ನಿವಾಸಿ ಅಲ್ಲದೆ ದಿನಾ ಗೇಟು ದಾಟೋರ ಮಾತು ಬಿಟ್ಟರೆ ನನಗೆ ನಿದ್ದೆ ಬರಲ್ಲ. ಯಾಕಂದ್ರೆ ಅದೇ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕಾಕು ಕೆಲಸ ಮಾಡ್ತಿದ್ದಳು.

ಅಪ್ಪನ ತಮ್ಮನ ಹೆಂಡತಿ. ಮಳೆ ಕೈಕೊಟ್ಟ ಒಂದು ವರ್ಷ ಕಾಕಾ ಕಟ್ಟಡದ ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದ. ಕಲಬುರಗಿ, ಯಾದಗಿರಿ ಕಡೆಯ ಎಷ್ಟು ಮಂದಿ ಹೋಗಿಲ್ಲ? ಹಿಂದಿಂದೆ ಕಾಕು ಹೋದಳು, ಐದು ಮನೆ ಹಿಡಿದಳು. ಸಾಲಿ ಕಲಿತಿಲ್ಲ. ಬಟನ್ ಇರೋ ಸಣ್ಣ ಫೋನು. ಆಪ್ ಇರೋದು ಮನೆ ಮಾಲೀಕರ ಫೋನಿನಲ್ಲಿ, ಗಾರ್ಡಿನ ಫೋನಿನಲ್ಲಿ. ಕಾಕುವಿಗೆ ಇದ್ದದ್ದು ಆರು ಅಂಕಿಯ ಕೋಡು ಮಾತ್ರ. ಅದನ್ನ ದೇವರ ಹೆಸರಿನ ಹಂಗೆ ಬಾಯಿಪಾಠ ಮಾಡಿದ್ದಳು. ಗೇಟಿನಲ್ಲಿ ಹೇಳೋದು, ಗಾರ್ಡ್ ಒತ್ತೋದು, ಐದು ಮನೆಯ ಫೋನು ಒಮ್ಮೆಗೇ ಟಿಂಗ್ ಅನ್ನೋದು.

ಅತ್ತಿ ತೀರಿಕೊಂಡಾಗ ಕಾಕು ಚೌಡಾಪುರಕ್ಕೆ ಬಂದಳು. ಹನ್ನೆರಡು ದಿನ. ನಾಲ್ಕು ಮನೆಯವರಿಗೆ ಹೇಳಿ ಬಂದಿದ್ದಳು, ಐದನೆಯವರ ಫೋನು ಹತ್ತಲಿಲ್ಲ. ಮರಳಿ ಹೋದಾಗ ಆ ಮನೆ ತಪ್ಪಿತ್ತು, ಜೊತೆಗೆ ಎರಡು ಸ್ಟಾರ್. ಕೆಲಸದವರು ಬೇಕು ಅಂತ ಹುಡುಕೋ ಬೇರೆ ಮನೆಯವರಿಗೆ ಆಪ್‌ನಲ್ಲಿ ಕಾಣೋದು ಇಷ್ಟು: ಒಂದು ಫೋಟೊ, ಎರಡು ಸ್ಟಾರ್, ಹಾಜರಿಯಲ್ಲಿ ಹನ್ನೆರಡು ಖಾಲಿ ದಿನ. ಅತ್ತಿ ಸತ್ತಿದ್ದು ಕಾಣಲ್ಲ. ಅದನ್ನ ಬರೆಯೋ ಕಾಲಮ್ ಇಲ್ಲ. ಎರಡು ತಿಂಗಳು ಐದನೇ ಮನೆ ಸಿಗಲಿಲ್ಲ. ಯಾಕೆ ಅಂತ ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು, ನನ್ನ ಸ್ಕ್ರೀನಿನ ಮೇಲೇ ಇತ್ತು.

ಇದಕ್ಕೆ ಉಲ್ಟಾ ಆದದ್ದನ್ನೂ ಹೇಳಬೇಕು, ಇಲ್ಲಾಂದ್ರೆ ಮೋಸ ಆಗುತ್ತದೆ. ಇನ್ನೊಂದು ಮನೆಯವರು "ನಾಲ್ಕು ದಿನ ಬಂದಿಲ್ಲ" ಅಂತ ಪಗಾರ ಮುರಿದರು. ಕಾಕು ಆಫೀಸಿಗೆ ಬಂದು, "ನಾ ಬಂದೀನಿ ತಮ್ಮಾ, ಖರೆ ಬಂದೀನಿ, ನಿನ್ ಮಷೀನ್ದಾಗ ನೋಡು" ಅಂದಳು. ನೋಡಿದೆ. ನಾಲ್ಕೂ ದಿನ ಬೆಳಿಗ್ಗೆ 6:52, 6:55, ಹಿಂಗೇ. ಪ್ರಿಂಟ್ ತೆಗೆದು ಕೊಟ್ಟೆ, ದುಡ್ಡು ಬಂತು. ಅದೇ ಲಾಗ್ ಒಂದು ಮನೆ ಕಿತ್ಕೊಂಡಿತ್ತು, ಇನ್ನೊಂದರಿಂದ ಹಕ್ಕಿನ ರೊಕ್ಕ ಕೊಡಿಸಿತು. ಆದರೆ ಅದನ್ನ ತೋರಿಸೋಕೆ ಆಫೀಸಿನಲ್ಲಿ ಅವಳದೊಬ್ಬ ಹುಡುಗ ಇದ್ದ. ಬೇರೆ ಕೆಲಸದ ಹೆಣ್ಣುಮಕ್ಕಳಿಗೆ ಇರಲಿಲ್ಲ.

ಕರ್ನಾಟಕದಲ್ಲಿ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಆಪ್‌ನ ಲೆಕ್ಕಾಚಾರ ರೇಟಿಂಗನ್ನ, ಕೆಲಸ ಹಂಚೋದನ್ನ ಹೇಗೆ ತೀರ್ಮಾನ ಮಾಡುತ್ತದೆ ಅಂತ ಕಾರ್ಮಿಕರಿಗೆ ತಿಳಿಸಬೇಕು ಅನ್ನೋದು ಅದರಲ್ಲಿದೆ. ಗೇಟಿನಲ್ಲಿ ಕಾಕುವಿನ ಹಿಂದೆ ನಿಂತ ಊಟದ ಡೆಲಿವರಿ ಹುಡುಗನಿಗೆ ಆ ಹಕ್ಕು ಇದೆ. ಮನೆಯವರೇ ನೇರ ಇಟ್ಟುಕೊಂಡ ಕಾಕುವಿಗೆ ಆ ಕಾಯ್ದೆ ಹತ್ತಲ್ಲ, ಸ್ಟಾರ್ ಮಾತ್ರ ಇಬ್ಬರಿಗೂ ಬೀಳುತ್ತದೆ.

ಗಾಣಗಾಪುರದಲ್ಲಿ ಮಧ್ಯಾಹ್ನ ಮಧುಕರಿಗೆ ಅಂತ ಮಂದಿ ಮನೆ ಮನೆ ಬಾಗಿಲಿಗೆ ಹೋಗ್ತಾರೆ. ಕಾರಿನಲ್ಲಿ ಬಂದವರೂ ಜೋಳಿಗೆ ಹಿಡೀತಾರೆ. ರೊಟ್ಟಿ ನೀಡುವ ಅವ್ವಗಳು ನೀನು ಯಾರು, ಎಲ್ಲಿಂದ ಬಂದಿ ಅಂತ ಕೇಳಿದ್ದನ್ನ ನಾನು ನೋಡಿಲ್ಲ. ಬೆಂಗಳೂರಿನ ಗೇಟಿನ ಮುಂದೆ ನಿಂತಾಗೆಲ್ಲ ಇದು ಯಾಕೆ ನೆನಪಾಗುತ್ತಿತ್ತೋ ಗೊತ್ತಿಲ್ಲ, ಸುಮ್ಮನೆ ಹೇಳಿದೆ.

ಹೋದ ವರ್ಷ ಕಾಕಾನ ಬೆನ್ನು ಹೋಯಿತು. ಇಬ್ಬರೂ ಊರಿಗೆ ಬಂದುಬಿಟ್ಟರು. ಈಗ ಎರಡು ಮನೆ ಆಚೆ ಇದ್ದಾರೆ. ಮೊನ್ನೆ ಈ ಎಪಿಸೋಡಿಗೆ ತಯಾರಿ ಮಾಡುವಾಗ, ಆ ಅಪಾರ್ಟ್‌ಮೆಂಟಿನಲ್ಲಿ ಇನ್ನೂ ಇರೋ ಒಬ್ಬ ಗೆಳೆಯನಿಗೆ ಫೋನ್ ಮಾಡಿ, ಕಾಕುವಿನ ಹೆಸರು ಆಪ್‌ನಲ್ಲಿ ಇದೆಯಾ ನೋಡು ಅಂದೆ. ಇದೆ. ಫೋಟೊ ಇದೆ, ಎರಡು ಸ್ಟಾರ್ ಇದೆ, ಕೊನೆಯ ಸಲ ಹೊರಗೆ ಹೋದ ತಾರೀಖು, ಹೊತ್ತು ಎಲ್ಲ ಇದೆ. ನನಗೆ ಸಿಟ್ಟು ಬಂತು. ಕೆಲಸ ಬಿಟ್ಟು ಇಷ್ಟು ದಿನ ಆದರೂ ಯಾತಕ್ಕೆ ಇಟ್ಟಿದ್ದಾರೆ? ಕನ್ನಡದಲ್ಲೇ ಒಂದು ಅರ್ಜಿ ಬರೆದೆ. ನನ್ನ ಎಲ್ಲ ಮಾಹಿತಿ ಅಳಿಸಬೇಕು ಅಂತ, ಕಾಯ್ದೆಯ ಹೆಸರು ಹಾಕಿ. ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಕಾಕುವಿನ ಮನೆಗೆ ಹೋದೆ. ಓದಿ ಹೇಳಿದೆ.

ಕಾಕು ಜ್ವಾಳ ಹಸನ ಮಾಡ್ತಿದ್ದಳು. ಮೊರ ಕೆಳಗಿಟ್ಟಳು.

"ಫೋಟೊನೂ ತಗೀತಾರೇನು?"

"ಹೂಂ ಕಾಕು. ಎಲ್ಲ ತಗೀಬೇಕು ಅಂತ ಬರದೀನಿ."

"ಅದ್ರಾಗ ನನ್ನ ಬೋರಮಾಳ ಅದ ನೋಡು."

ನನಗೆ ತಟ್ಟನೆ ತಿಳಿಯಲಿಲ್ಲ. ಮೊದಲನೇ ದಿನ ಗೇಟಿನಲ್ಲಿ ಫೋಟೊ ಹಿಡೀತಾರೆ ಅಂದಾಗ ಸೆರಗು ಸರಿ ಮಾಡಿಕೊಂಡು ನಿಂತಿದ್ದಳಂತೆ. ಕೊರಳಲ್ಲಿ ತವರಿನವರು ಹಾಕಿದ ಬೋರಮಾಳ ಇತ್ತು. ಕಾಕಾನ ಬೆನ್ನಿನ ಆಪರೇಷನ್ನಿಗೆ ಅದನ್ನ ಮಾರಿದರು. ಮದುವೆಯ ಫೋಟೊ ಮನೆ ಸೋರಿದಾಗ ನೆನೆದು ಹೋಗಿವೆ.

"ತಗೀಬ್ಯಾಡ ಅನ್ನು ಅವರಿಗೆ" ಅಂದಳು. "ಇಲ್ಲಾಂದ್ರ ಮೊದಲ ಆ ಫೋಟೊ ನನಗ ಕಳಿಸ್ರಿ ಅಂತ ಬರಿ. ಆಮ್ಯಾಲ ಬೇಕಾದ್ರ ತಗೀಲಿ."

ಅರ್ಜಿ ಹರಿದು ಹೊಸದು ಬರೆದೆ. ಮೊದಲ ಸಾಲಿನಲ್ಲಿ ಫೋಟೊ ಕೇಳಿದ್ದೀನಿ. ಹೆಬ್ಬೆಟ್ಟು ಒತ್ತಿದ್ದಾಳೆ. ನಾಳೆ ಮುಂಜಾನೆ ಅಫಜಲಪುರದಿಂದ ಸ್ಪೀಡ್ ಪೋಸ್ಟ್ ಹಾಕ್ತೀನಿ. ಮೈಸೂರು ಕಡೆಯ ಆ ಅಮ್ಮನಿಗೂ ಒಂದು ಕಾಗದ ಬರೆದಿಟ್ಟಿದ್ದೀನಿ, ಅದು ಇನ್ನೂ ಟೇಬಲ್ಲಿನ ಮೇಲೇ ಇದೆ. ಎರಡನ್ನೂ ಒಟ್ಟಿಗೇ ತಗೊಂಡು ಹೋಗ್ತೀನಿ.